ಸ್ಪೀಕರಿನಿಂದ ಬಂದರೆ ಸರಿ, ಬೆರಳಿನಿಂದ ಬಂದರೆ ತಪ್ಪೇ?



ಕಳೆದ ತಿಂಗಳು ನಮ್ಮ ಮನೆಯಲ್ಲಿ ಕುಟುಂಬದವರೆಲ್ಲ ಸೇರಿದ್ದರು. ಊಟ ಮುಗಿಸಿ ಗಂಡಸರೆಲ್ಲ ಚಾವಡಿಯಲ್ಲಿ ಕೂತಿದ್ದಾಗ ನನ್ನ ಮೊಬೈಲಿಗೆ ಅಕ್ಕಲಕೋಟೆಯಿಂದ ಒಂದು ವಾಯ್ಸ್ ಮೆಸೇಜ್ ಬಂತು. 78 ವರ್ಷದ ಹಿರಿಯರೊಬ್ಬರು ಬಾಯಿಯಲ್ಲೇ "ಡೂಂ ಡುಡೂಂ ಡೂಂ" ಎಂದು ಒಂದು ಹಳೆಯ ಹಾಡಿನ ಬಾಸ್ ನುಡಿಸಿ, ಕೊನೆಗೆ "ಏ ತಮ್ಮಾ, ನಾ ಇದನ್ನ ಹೀಂಗ ಬಾರಸ್ತಿದ್ದೆ, ನೀ ಸುಳ್ಳ ಹೇಳಬ್ಯಾಡ" ಎಂದು ಬೈದಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ನನ್ನ ಕಿರಿಯ ಮಗಳು ಬಂದು, "ಉಪ್ಪಾ, ಕಾಕಾ ಅದನ್ನು ಮೂರನೆಯ ತಂತಿಯಲ್ಲಿ ಹೇಳಿದ್ದಾ, ನಾಲ್ಕನೆಯದರಲ್ಲಿ ಹೇಳಿದ್ದಾ?" ಎಂದು ಕೇಳಿದಳು. ಚಾವಡಿ ಒಮ್ಮೆಲೇ ಸುಮ್ಮನಾಯಿತು.

ಆಮೇಲೆ ಶುರುವಾಯಿತು. ಒಬ್ಬರು, "ಈ ವಯಸ್ಸಿನಲ್ಲಿ ಗಿಟಾರಿನ ಹರಟೆಯಾ? ಸಮಯ ಹಾಳು" ಎಂದರು. ಇನ್ನೊಬ್ಬರು, "ತಂತಿವಾದ್ಯ ಹರಾಮ್ ಅಂತ ಗೊತ್ತಿಲ್ಲವಾ?" ಎಂದರು. ಮೂರನೆಯವರು ದನಿ ತಗ್ಗಿಸಿ, "ಹುಡುಗಿಗೆ ಹದಿನಾರು. ನಾಳೆ ಮದುವೆಯ ಮಾತು ಬಂದಾಗ ಏನು ಹೇಳುತ್ತೀಯ? ಅದನ್ನು ಮಾರಿಬಿಡು" ಎಂದರು. ಆ ದಿನ ನಾನು ಉತ್ತರ ಕೊಡಲಿಲ್ಲ. ಬಂದ ನೆಂಟರ ಮುಂದೆ ಜಗಳ ಬೇಡವೆಂದು ಚಹಾ ತರಿಸಿದೆ. ಆ ಮೂರು ಮಾತಿಗೂ ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಅವರೂ ಇದನ್ನು ಓದುತ್ತಾರೆ.

ಮೊದಲು ಈ ಹರಟೆ ಎಲ್ಲಿಂದ ಬಂತೆಂದು ಹೇಳುತ್ತೇನೆ. 1986ರಲ್ಲಿ ನನಗೆ 19 ವರ್ಷ. ಮಾಮನ ಅಡಿಕೆ ವ್ಯಾಪಾರ ಸೊಲ್ಲಾಪುರದಲ್ಲಿತ್ತು. ಹೆದ್ದಾರಿಯ ಒಂದು ತುದಿ ಮಂಗಳೂರು, ಇನ್ನೊಂದು ತುದಿ ಸೊಲ್ಲಾಪುರ. ಮೂಡುಬಿದಿರೆ, ಕಾರ್ಕಳ ದಾಟಿ, ಘಟ್ಟ ಹತ್ತಿ, ಶಿವಮೊಗ್ಗ, ಚಿತ್ರದುರ್ಗ, ಹೊಸಪೇಟೆ, ಬಿಜಾಪುರ ಹಾದು ಹೋಗುವ ದಾರಿ. ಅಡಿಕೆ ಮೂಟೆಗಳ ಲಾರಿಯಲ್ಲಿ ಡ್ರೈವರನ ಪಕ್ಕ ಕೂತು ನಾನು ಸೊಲ್ಲಾಪುರ ಮುಟ್ಟಿದೆ. 13 ವರ್ಷ ಅಲ್ಲೇ ಇದ್ದೆ.

ಸೊಲ್ಲಾಪುರದಲ್ಲಿ ಒಂದು ಬೀದಿಯಲ್ಲಿ ನಾಲ್ಕು ಭಾಷೆ ಕೇಳುತ್ತದೆ. ಮರಾಠಿ, ಕನ್ನಡ, ಮಗ್ಗದವರ ತೆಲುಗು, ನಮ್ಮವರ ದಖನಿ. ಸಂಜೆ ಗೋದಾಮು ಮುಚ್ಚಿದ ಮೇಲೆ ವಿಜಾಪುರ ವೇಸ್ ಹತ್ತಿರದ ಒಂದು ಚಹಾದಂಗಡಿಗೆ ಹೋಗುತ್ತಿದ್ದೆ. ಅಲ್ಲಿ ಮೂವರು ಸೇರುತ್ತಿದ್ದರು. ಒಬ್ಬರು ಅಕ್ಕಲಕೋಟೆ ಕಡೆಯ ಲಿಂಗಾಯತರು, ಮನೆಮಾತು ಕನ್ನಡ, ಒಂದು ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ಬಾರಿಸುವವರು. ನಮಗೆಲ್ಲ ಅವರು ಕಾಕಾ. ಇನ್ನೊಬ್ಬರು ವೇಸಿನವರೇ, ದಖನಿ ಮಾತಿನ ಭಾಯಿ, ಮದುವೆ ಮೆರವಣಿಗೆಯ ಬ್ಯಾಂಜೊ ಪಾರ್ಟಿಯಿಂದ ಬಾಸಿಗೆ ಬಂದವರು. ಮೂರನೆಯವರು ಪವರ್‌ಲೂಮಿನಲ್ಲಿ ಪಾಳಿ ಮಾಡುವ ತೆಲುಗು ಅಣ್ಣ. ಇಡೀ ದಿನ ಮಗ್ಗದ ಸದ್ದಿನಲ್ಲಿ ಕಿವಿ ಮಂದವಾಗಿತ್ತು. "ಬೇರೆ ವಾದ್ಯ ಕಿವಿಯಿಂದ ಕೇಳಬೇಕು, ಬಾಸ್ ಎದೆಯಿಂದ ಕೇಳಬಹುದು, ಅದಕ್ಕೇ ಇದನ್ನು ಹಿಡಿದೆ" ಎನ್ನುತ್ತಿದ್ದರು.

ನಾನು ನುಡಿಸುವವನಲ್ಲ, ಕೇಳುವವನು. ಆದರೆ ಅವರ ಮಾತಿನಿಂದ ಎಷ್ಟೋ ತಿಳಿಯಿತು. ಬಾಸ್ ಗಿಟಾರಿಗೆ ನಾಲ್ಕು ತಂತಿ. ಸಾಮಾನ್ಯ ಗಿಟಾರಿನ ದಪ್ಪ ನಾಲ್ಕು ತಂತಿಗಳ ಸ್ವರವೇ, ಆದರೆ ಒಂದು ಸ್ಥಾಯಿ ಕೆಳಗೆ. 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬವರು ಪ್ರಿಸಿಶನ್ ಬಾಸ್ ಮಾಡಿ ಮಾರುಕಟ್ಟೆಗೆ ತಂದರು. ಅದಕ್ಕೆ ಮೊದಲು ಆಳೆತ್ತರದ ಪಿಟೀಲಿನಂಥ ಡಬಲ್ ಬಾಸನ್ನು ಹೊತ್ತು ತಿರುಗಬೇಕಿತ್ತು. ಹೊಸದರ ಕುತ್ತಿಗೆಗೆ ಲೋಹದ ಪಟ್ಟಿಗಳನ್ನು ಕೂರಿಸಿದ್ದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತಿತ್ತು. ಆ ಹೆಸರು ಬಂದದ್ದು ಅದರಿಂದಲೇ.

ಅವರ ಹರಟೆ ಎಂಥದೆಂದರೆ, ತಂತಿಯನ್ನು ಎಷ್ಟು ಹೊತ್ತು ಕುದಿಸಬೇಕೆಂಬ ಬಗ್ಗೆ ಒಂದು ವಾರ ಜಗಳ. ಬಾಸ್ ತಂತಿ ದುಬಾರಿ. ಬೆವರು, ಜಿಡ್ಡು ಹಿಡಿದು ಸ್ವರ ಮಂಕಾದಾಗ ಬಿಚ್ಚಿ ನೀರಿನಲ್ಲಿ ಕುದಿಸಿ ಒರೆಸಿದರೆ ಇನ್ನೂ ಕೆಲವು ಕಾರ್ಯಕ್ರಮಕ್ಕೆ ಬರುತ್ತದೆ. ಚಹಾದಂಗಡಿಯವನ ಪಾತ್ರೆಯಲ್ಲೇ ಒಮ್ಮೆ ಕುದಿಸಿ ಬೈಸಿಕೊಂಡದ್ದೂ ಇದೆ. ಇನ್ನೊಂದು ವಾರ, ಬಾಸಿನಲ್ಲಿ ಯಾರು ದೊಡ್ಡವರು ಎಂದು. ಆರ್.ಡಿ. ಬರ್ಮನ್ ಹಾಡುಗಳಿಗೆ ನುಡಿಸಿದ ಟೋನಿ ವಾಜ್ ಎಂದು ಭಾಯಿ. ಇಳಯರಾಜಾ ಅವರ ಬಳಿ ನುಡಿಸಿದ ಶಶಿಧರನ್ ಎಂದು ಕಾಕಾ. ಶಂಕರ್‌ನಾಗ್ ಅವರ 1981ರ 'ಗೀತಾ' ಚಿತ್ರದ ಕ್ಯಾಸೆಟ್ಟನ್ನು ಹಿಂದೆ ಮುಂದೆ ಓಡಿಸಿ ಕಾಕಾ ತಮ್ಮ ವಾದಕ್ಕೆ ಸಾಕ್ಷಿ ಕೊಡುತ್ತಿದ್ದರು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಗಾಯಕರ ಹೆಸರಿತ್ತು, ಸಂಗೀತ ನಿರ್ದೇಶಕರ ಹೆಸರಿತ್ತು. ಬಾಸ್ ನುಡಿಸಿದವರ ಹೆಸರನ್ನು ಈ ಚಹಾದಂಗಡಿಗಳು ಬಾಯಿಂದ ಬಾಯಿಗೆ ಉಳಿಸಿದವು.

ಈಗ ಮೊದಲನೆಯ ಆರೋಪಕ್ಕೆ ಬರುತ್ತೇನೆ. ಸಮಯ ಹಾಳು ಎಂದಿರಿ. ನಮ್ಮ ಚಾವಡಿಯಲ್ಲಿ ಆ ದಿನ ನೀವು ಎರಡು ಗಂಟೆ ಮಾತಾಡಿದ್ದು ಏನು? ಚಿನ್ನದ ದರ, ಯಾರ ಮಗನಿಗೆ ಯಾವ ವೀಸಾ, ಯಾರ ಮಗಳ ಮದುವೆ ಮುರಿಯಿತು, ಯಾರೋ ಕಳಿಸಿದ ವೀಡಿಯೊ. ಅದನ್ನು ನಾನು ತಪ್ಪೆನ್ನುವುದಿಲ್ಲ, ಮನುಷ್ಯರು ಮಾತಾಡಬೇಕು. ಆದರೆ ಆ ಮಾತಿಗೆ ಯಾವಾಗಲೂ ಎದುರಿಗಿಲ್ಲದ ಒಬ್ಬರು ಬೇಕು. ತಂತಿ ಕುದಿಸುವ ಮಾತಿಗೆ ಎದುರಿಗೆ ಒಬ್ಬರು ಇದ್ದರೆ ಸಾಕು, ಯಾರ ಮಾನವನ್ನೂ ಹರಾಜಿಗೆ ಇಡಬೇಕಾಗಿಲ್ಲ.

2022ರ ನವೆಂಬರ್, ಡಿಸೆಂಬರ್ ನೆನಪಿದೆಯಲ್ಲ? ಗಡಿ ವಿವಾದ ಮತ್ತೆ ಎದ್ದಿತ್ತು. ಅಕ್ಕಲಕೋಟೆ ನಮ್ಮದು ಎಂದು ಇಲ್ಲಿಯವರು, ಒಂದು ಊರನ್ನೂ ಬಿಡುವುದಿಲ್ಲ ಎಂದು ಅಲ್ಲಿಯವರು. 1967ರ ಮಹಾಜನ್ ವರದಿ ಅಕ್ಕಲಕೋಟೆ ತಾಲೂಕನ್ನು ಈ ಕಡೆಗೆ ಸೇರಿಸಬೇಕೆಂದು ಹೇಳಿತ್ತು, ಅದು ಜಾರಿಯಾಗಲಿಲ್ಲ. ಕಾಕಾ ಹುಟ್ಟಿ ಬೆಳೆದದ್ದೇ ಆ ತಾಲೂಕಿನಲ್ಲಿ. ಬಸ್ಸುಗಳಿಗೆ ಮಸಿ ಬೀಳುತ್ತಿತ್ತು, ಟೀವಿಯವರು ಕಿರುಚುತ್ತಿದ್ದರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆ ವಾರ ನಡೆದ ಜಗಳ ಯಾವುದು ಗೊತ್ತೇ? ಹಳೆಯ ಹಿಂದಿ ಹಾಡಿಗೆ ನುಣುಪು ತಂತಿ ಒಳ್ಳೆಯದೋ, ಗೀರು ತಂತಿ ಒಳ್ಳೆಯದೋ ಎಂದು. ಗಡಿಯ ಈ ಕಡೆಯ ನಾನು, ಆ ಕಡೆಯ ಕಾಕಾ, ಭಾಯಿ, ಅಣ್ಣ ಎಲ್ಲರೂ ಅದರಲ್ಲಿದ್ದೆವು. ಗಡಿಯ ಬಗ್ಗೆ ಅವರಲ್ಲಿ ಅಭಿಪ್ರಾಯ ಇಲ್ಲವೆಂದಲ್ಲ. ಕಾಕಾನಿಗೆ ತಮ್ಮೂರಿನ ಕನ್ನಡ ಶಾಲೆಯ ಚಿಂತೆ ಇದೆ, ಅದನ್ನೂ ಹೇಳುತ್ತಾರೆ. ಆದರೆ 30 ವರ್ಷಕ್ಕೂ ಹೆಚ್ಚು ಕಾಲ ತಂತಿಗಾಗಿ ಜಗಳ ಆಡಿದವರಿಗೆ ಗಡಿಗಾಗಿ ಗೆಳೆತನ ಬಿಡುವುದು ಆಗಲಿಲ್ಲ. ಇದು ಹಾಳು ಸಮಯವಾದರೆ, ನಮ್ಮ ಜಿಲ್ಲೆಗೂ ಅಂಥ ಹಾಳು ಸಮಯ ಸ್ವಲ್ಪ ಬೇಕು.

ಎರಡನೆಯ ಆರೋಪ ದೀನಿನದು. ಇದರಲ್ಲಿ ನಾನು ಜಾಣತನ ಮಾಡುವುದಿಲ್ಲ. ವಾದ್ಯದ ಬಗ್ಗೆ ಉಲಮಾಗಳಲ್ಲಿ ಹಿಂದಿನಿಂದಲೂ ಚರ್ಚೆ ಇದೆ. ಅಂದಲೂಸಿನ ಇಬ್ನ್ ಹಝ್ಮ್ ವಾದ್ಯ ನಿಷೇಧಕ್ಕೆ ತೋರಿಸುವ ವರದಿಗಳ ಸನದುಗಳನ್ನೇ ಪ್ರಶ್ನಿಸಿದರು. ಆದರೆ ನಾವು ಬ್ಯಾರಿಗಳು ಶಾಫಿ ಮದ್‌ಹಬಿನವರು. ನಮ್ಮ ಇಮಾಂ ಗಝ್ಝಾಲಿ ಅವರು ಇಹ್ಯಾದಲ್ಲಿ ಸಂಗೀತ ಕೇಳುವ ವಿಷಯಕ್ಕೆ ಒಂದು ಇಡೀ ಭಾಗವನ್ನೇ ಕೊಟ್ಟು, ಹಲವು ಷರತ್ತುಗಳೊಂದಿಗೆ ಅದನ್ನು ಒಪ್ಪಿದರೂ, ಕುಡುಕರ ಕೂಟಗಳ ಗುರುತಾಗಿದ್ದ ತಂತಿವಾದ್ಯಗಳನ್ನು ಹೊರಗಿಟ್ಟರು. ಆದ್ದರಿಂದ ಕಿತಾಬು ನನ್ನ ಪರವಾಗಿದೆ ಎಂದು ನಾನು ಹೇಳಲಾರೆ. ನಾನು ಆಲಿಮನೂ ಅಲ್ಲ, ಫತ್ವಾ ಕೊಡುವವನೂ ಅಲ್ಲ. ಸಂಗೀತವನ್ನು ಪೂರ್ತಿ ಬಿಟ್ಟು, ಮನೆಯಲ್ಲಿ ಟೀವಿಯ ಹಾಡೂ ಇಲ್ಲದೆ ಬದುಕುವವರು ನಮ್ಮಲ್ಲಿದ್ದಾರೆ. ಅವರು ನನ್ನನ್ನು ಬೈದರೆ ತಲೆ ಬಗ್ಗಿಸಿ ಕೇಳುತ್ತೇನೆ.

ಆದರೆ ಆ ದಿನ ನನ್ನನ್ನು ಬೈದವರು ಅಂಥವರಲ್ಲ. ಅವರ ಕಾರಿನ ಡಿಕ್ಕಿಯಲ್ಲಿ ಆಳೊಂದು ಕೂರುವಷ್ಟು ದೊಡ್ಡ ಸಬ್‌ವೂಫರ್ ಇದೆ. ಅವರು ಗೇಟಿನ ಹತ್ತಿರ ಬಂದಾಗ ನಮ್ಮ ಕಿಟಕಿಯ ಗಾಜು ನಡುಗುತ್ತದೆ. ಅವರ ಮನೆಯ ಮದುವೆಯಲ್ಲಿ ಮೆಹಂದಿಯ ರಾತ್ರಿ ಎರಡಾಳೆತ್ತರದ ಸ್ಪೀಕರ್ ಇಟ್ಟಿದ್ದರು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂದು 2000ದ ನಿಯಮವಿದೆ. ಅಂದು ಅದನ್ನೂ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಆ ಸ್ಪೀಕರಿನಿಂದ ಬಂದು ನಿಮ್ಮ ಎದೆಯನ್ನು ಗುದ್ದಿದ್ದು ಏನು? ಬಾಸ್. ನಮ್ಮ ಬ್ಯಾರಿ ಹಾಡಿನ ಆಲ್ಬಂಗಳನ್ನು, ಮಾಪಿಳ್ಳೆ ಪಾಟಿನ ಹೊಸ ರೆಕಾರ್ಡುಗಳನ್ನು ಹೆಡ್‌ಫೋನ್ ಹಾಕಿ ಕೇಳಿ. ದಫ್‌ನ ಕೆಳಗೆ ಹರಿಯುತ್ತಿರುವುದು ಏನು? ಅದೂ ಬಾಸ್. ಹೆಚ್ಚಾಗಿ ಕೀಬೋರ್ಡಿನಿಂದ ಅಥವಾ ಕಂಪ್ಯೂಟರಿನಿಂದ ಬಂದದ್ದು. ಕಂಪ್ಯೂಟರ್ ಬಾರಿಸಿದರೆ ಯಾರಿಗೂ ತೊಂದರೆಯಿಲ್ಲ. ಮನುಷ್ಯ ಬೆರಳಿನಿಂದ ಬಾರಿಸಿದರೆ ಮಾತ್ರ ಕುಟುಂಬದ ಮಾನ ಹೋಗುತ್ತದೆ. ಸದ್ದು ಬೇಕು, ಸದ್ದು ಮಾಡುವವನು ಬೇಡ. ಇದಕ್ಕೆ ದೀನ್ ಎಂದು ಹೆಸರಿಡಬೇಡಿ. ಇದು ಕೈಕೆಲಸದವನನ್ನು ಕೀಳಾಗಿ ನೋಡುವ ಹಳೆಯ ಚಾಳಿ. ನಮ್ಮ ಹಿರಿಯರು ಬೀಡಿ ಕಟ್ಟಿ, ಮೀನು ಹೊತ್ತು ನಮ್ಮನ್ನು ಸಾಕಿದರು. ಆ ಚಾಳಿಯ ಪೆಟ್ಟು ಎಂಥದೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

'ಬ್ಯಾರಿ' ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ನೀವೆಲ್ಲ ಮಿಠಾಯಿ ಹಂಚಿದಿರಿ. 2011ರ ಅತ್ಯುತ್ತಮ ಚಿತ್ರ, ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡ ಪ್ರಶಸ್ತಿ. ಆ ದಿನ ಸೊಲ್ಲಾಪುರದಿಂದ ಭಾಯಿ ಫೋನ್ ಮಾಡಿ, "ನಿಮ್ಮದೂ ನಮ್ಮದೂ ಒಟ್ಟಿಗೇ ಗೆದ್ದಿತಲ್ಲ" ಎಂದಿದ್ದರು. ಪ್ರಶಸ್ತಿ ಬಂದ ಮೇಲೆ ಕಲೆ ನಮ್ಮದು. ಅದಕ್ಕೆ ಮೊದಲು ಕಲಿಯುವವರು ಮಾತ್ರ ದಾರಿ ತಪ್ಪಿದ ಮಕ್ಕಳು.

ಇಷ್ಟು ನಿಮಗೆ ಹೇಳಿದ ಮೇಲೆ ನನ್ನ ಗೆಳೆಯರಿಗೂ ಸ್ವಲ್ಪ ಹೇಳಬೇಕು. ನಮ್ಮ ಗುಂಪಿನಲ್ಲಿ ದಿನಕ್ಕೊಬ್ಬರು "ಆ ಕಾಲವೇ ಬೇರೆ" ಎನ್ನುತ್ತಾರೆ. ಹೌದು, ಬೇರೆಯೇ. ಜಾತ್ರೆಯ ಮೈದಾನದಲ್ಲಿ ಕಂಬಕ್ಕೆ ಕಟ್ಟಿದ ಭೋಂಗಾ ಸ್ಪೀಕರಿನಲ್ಲಿ ಕಾರ್ಯಕ್ರಮ ನಡೆಯುತ್ತಿತ್ತು. ಬಾಸಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಭೋಂಗಾದ ಬಾಯಿಯಿಂದ ಅಷ್ಟು ಕೆಳಗಿನ ಸ್ವರ ಬರುವುದೇ ಇಲ್ಲ. ಕಾಕಾ ರಾತ್ರಿಯಿಡೀ ನಿಂತು ನುಡಿಸಿದ್ದು ಮುಂದಿನ ನಾಲ್ಕು ಸಾಲು ದಾಟಿ ಯಾರಿಗೂ ಕೇಳಿಸಲಿಲ್ಲ. ದುಡ್ಡು ಹಂಚುವಾಗ ಕೊನೆಯ ಪಾಲು ಅವರದು. ಕೆಲವು ಸಲ ಬಸ್ ಚಾರ್ಜು ಮಾತ್ರ. ಬೆಳಗಿನ ಜಾವ ಟೆಂಪೊದ ಹಿಂದೆ ಡ್ರಮ್ಮುಗಳ ನಡುವೆ ಮುದುಡಿ ಮಲಗಿ ವಾಪಸು ಬರುವುದು.

ಆಮೇಲೆ ಕ್ಯಾಸಿಯೊ ಬಂತು. ಎಡಗೈಯಲ್ಲಿ ಒಂದು ಕಾರ್ಡ್ ಒತ್ತಿದರೆ ಡ್ರಮ್ಮೂ ಬಾಸೂ ತಾವಾಗಿಯೇ ನಡೆಯುತ್ತವೆ. ಆರ್ಕೆಸ್ಟ್ರಾದ ಯಜಮಾನರು ಮೊದಲು ಕಡಿಮೆ ಮಾಡಿದ್ದು ಬಾಸಿನವನನ್ನು, ಏಕೆಂದರೆ ಅವನಿಲ್ಲದಿದ್ದರೆ ಯಾರೂ ಕೇಳುವುದಿಲ್ಲ. ಇದು ಸೊಲ್ಲಾಪುರದ ಕಥೆ ಮಾತ್ರವಲ್ಲ. ಬಾಸ್ ನುಡಿಸುವವನ ಬದಲಿಗೆ ಇರಲೆಂದೇ ಜಪಾನಿನ ರೋಲ್ಯಾಂಡ್ ಕಂಪನಿ 1981ರ ಕೊನೆಯಲ್ಲಿ ಟಿಬಿ-303 ಎಂಬ ಸಣ್ಣ ಪೆಟ್ಟಿಗೆ ತಂದಿತ್ತು. ಹಿಂದಿ ಚಿತ್ರಗೀತೆಗಳಿಗೆ ನುಡಿಸುತ್ತಿದ್ದ ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಆ ಪೆಟ್ಟಿಗೆಯ ಮೇಲೆ ಹತ್ತು ರಾಗಗಳನ್ನು ಕಟ್ಟಿ ಒಂದು ರೆಕಾರ್ಡ್ ಮಾಡಿದರು. ಆಗ ಅದನ್ನು ಕೊಂಡವರು ಕಡಿಮೆ. ಸುಮಾರು 30 ವರ್ಷ ಕಳೆದ ಮೇಲೆ ಯುರೋಪಿನವರು ಅದನ್ನು ಹುಡುಕಿ ತೆಗೆದು ಮತ್ತೆ ಹೊರತಂದರು. ಅದು ಬೆರಳಿರುವ ಮನುಷ್ಯನ ಕೈಗೆ ಯಂತ್ರ ಸಿಕ್ಕಿದ ಕಥೆ. ಸೊಲ್ಲಾಪುರದಲ್ಲಿ ಆದದ್ದು ಬೇರೆ. ಇಲ್ಲಿ ಯಂತ್ರ ಬಂತು, ಮನುಷ್ಯ ಮನೆಗೆ ಹೋದ. ಕಾಕಾ ಅಕ್ಕಲಕೋಟೆಗೆ ಹಿಂತಿರುಗಿ ಹೊಲ ನೋಡಿಕೊಂಡರು. ಭಾಯಿ ಮೊಬೈಲ್ ರಿಪೇರಿ ಕಲಿತರು. ಅವರಿಗೆ ಪೆನ್ಷನ್ ಇಲ್ಲ, ಸನ್ಮಾನ ಇಲ್ಲ, ಶಾಲು ಇಲ್ಲ. ನಾವು ನಾಲ್ಕು ಜನ ನೆನಪಿಟ್ಟು ಮಾತಾಡುವುದಷ್ಟೇ ಅವರಿಗೆ ಸಿಕ್ಕಿದ ಸಂಬಳ. ಅದನ್ನೂ ದಂಡ ಎನ್ನುತ್ತೀರಿ.

ಆದರೆ ನಮ್ಮ ನೆನಪಿನಲ್ಲಿ ನಾವೇ ಬಿಟ್ಟುಬಿಡುವ ಒಂದು ವಿಷಯವಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. 1993ರಲ್ಲಿ ಒಂದು ಭಾನುವಾರ ನಾವೆಲ್ಲ ಅಕ್ಕಲಕೋಟೆಯ ಕಾಕಾನ ಮನೆಗೆ ಹೋಗಿದ್ದೆವು. ಸೊಲ್ಲಾಪುರದಿಂದ ಸುಮಾರು 40 ಕಿಲೋಮೀಟರ್. ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು ಹರಟುತ್ತಿದ್ದಾಗ ಒಳಗಿನಿಂದ ಬಾಸ್ ಸದ್ದು ಬಂತು. ಕಾಕಾನ 12 ವರ್ಷದ ಮಗಳು ಮಂಚದ ಮೇಲೆ ಕೂತು, ತನ್ನಷ್ಟೇ ಉದ್ದದ ಬಾಸನ್ನು ತೊಡೆಗೆ ಒರಗಿಸಿ, ನಾವು ಅಂಗಳದಲ್ಲಿ ಜಗಳವಾಡುತ್ತಿದ್ದ ಹಾಡನ್ನೇ ನುಡಿಸುತ್ತಿದ್ದಳು. ತಪ್ಪಿಲ್ಲದೆ. ಯಾರೂ ಕಲಿಸಿರಲಿಲ್ಲ, ನೋಡಿ ಕಲಿತದ್ದು. ನಾವು ಏನು ಮಾಡಿದೆವು? ನಕ್ಕೆವು. "ಬಾಸ್ ಹುಡುಗ್ಯಾರ ಕೈಗೆ ದೊಡ್ಡದಾಗ್ತದ, ಹಾರ್ಮೋನಿಯಂ ಕಲಿ" ಎಂದು ಒಬ್ಬರು ಹೇಳಿದರು. "ಮದುವೆಯಾದ ಮೇಲೆ ಗಂಡನಿಗೆ ಬಾರಿಸಿ ತೋರಿಸು" ಎಂದು ತಮಾಷೆ ಮಾಡಿದವನು ನಾನು. ಆ ಹುಡುಗಿ ಬಾಸನ್ನು ಗೋಡೆಗೆ ನಿಲ್ಲಿಸಿ ಒಳಗೆ ಹೋದಳು. ಮತ್ತೆ ಅದನ್ನು ಮುಟ್ಟಲಿಲ್ಲ ಎಂದು ಕಾಕಾ ಬಹಳ ವರ್ಷಗಳ ನಂತರ ಹೇಳಿದರು. ಈಗ ಮುಂಬಯಿಯ ಮೋಹಿನಿ ಡೇ ಜಗತ್ತಿನ ದೊಡ್ಡ ವೇದಿಕೆಗಳಲ್ಲಿ ಬಾಸ್ ನುಡಿಸುವ ವೀಡಿಯೊ ಗುಂಪಿಗೆ ಬಂದಾಗಲೆಲ್ಲ ಎಲ್ಲರೂ ವಾಹ್ ವಾಹ್ ಎನ್ನುತ್ತಾರೆ. ಕಾಕಾ ಮಾತ್ರ ಏನೂ ಬರೆಯುವುದಿಲ್ಲ.

ಆದ್ದರಿಂದ ಗೆಳೆಯರೇ, "ಆ ಕಾಲವೇ ಚಿನ್ನ" ಎನ್ನುವಾಗ ಆ ಮಂಚವನ್ನೂ ಸೇರಿಸಿ ಹೇಳಿ. ಬರೀ ಸಿಹಿಯನ್ನು ಮಾತ್ರ ನೆನೆಸುವುದಾದರೆ, ನಮ್ಮ ಹರಟೆಯನ್ನು ದಂಡ ಎನ್ನುವವರ ಮಾತೇ ನಿಜವಾಗುತ್ತದೆ.

ಈಗ ಮೂರನೆಯ ಆರೋಪ. 1999ರಲ್ಲಿ ಉಪ್ಪನಿಗೆ ಹುಷಾರಿಲ್ಲದೆ ನಾನು ಸೊಲ್ಲಾಪುರ ಬಿಟ್ಟು ಬರುವಾಗ ಕಾಕಾ ತಮ್ಮ ಬಾಸನ್ನು ಒಂದು ಸೊಲ್ಲಾಪುರಿ ಚಾದರದಲ್ಲಿ ಸುತ್ತಿ ಲಾರಿಗೆ ಹಾಕಿದರು. "ಇಲ್ಲಿ ಇದನ್ನ ಬಾರ್ಸೋರು ಯಾರೂ ಇಲ್ಲ, ನಿನ್ನ ಹತ್ರ ಇರ್ಲಿ" ಎಂದರು. ಅದೇ ಹೆದ್ದಾರಿಯಲ್ಲಿ ಅದು ನಮ್ಮ ಊರಿಗೆ ಇಳಿದು ಬಂತು. 20 ವರ್ಷಕ್ಕಿಂತ ಹೆಚ್ಚು ಕಾಲ ಅದು ಕಪಾಟಿನ ಮೇಲೆ ಚಾದರದೊಳಗೇ ಇತ್ತು. ಉಮ್ಮ ಕೇಳಿದಾಗ ಅಂಗಡಿಯ ಸಾಮಾನು ಎಂದಿದ್ದೆ. ಹೌದು, ಸುಳ್ಳು ಹೇಳಿದ್ದೆ. ಸೊಲ್ಲಾಪುರದಲ್ಲಿ 13 ವರ್ಷ ಸಂಜೆ ಎಲ್ಲಿರುತ್ತಿದ್ದೆ ಎಂಬುದನ್ನೂ ಮನೆಯಲ್ಲಿ ಹೇಳಿರಲಿಲ್ಲ. ಹರಾಮಿನ ಹೆದರಿಕೆಗಿಂತ ನಿಮ್ಮ ಬಾಯಿಯ ಹೆದರಿಕೆ ದೊಡ್ಡದಿತ್ತು. ಎರಡು ವರ್ಷದ ಹಿಂದೆ ಮಗಳು ಚಾದರ ಒಗೆಯಲು ಇಳಿಸಿದಾಗ ಬಾಸ್ ಹೊರಗೆ ಬಂತು. "ಇದೆಂತದು ಉಪ್ಪಾ?" ಎಂದಳು. ಆ ದಿನ ಮೊದಲ ಬಾರಿಗೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ.

ಅವಳು ಕಲಿಯುತ್ತಿರುವುದು ಕಾಕಾನಿಂದ, ಫೋನಿನಲ್ಲಿ. ಕಾಕಾನ ಕೈ ನಡುಗುತ್ತದೆ, ತಂತಿ ಹಿಡಿಯಲಾಗುವುದಿಲ್ಲ. ಹಿಡಿದರೂ ಬಾಸಿನ ಸ್ವರ ಮೊಬೈಲಿನ ಸ್ಪೀಕರಿನಲ್ಲಿ ಬರುವುದಿಲ್ಲ, ಹಳೆಯ ಭೋಂಗಾದ ಹಾಗೆಯೇ. ಅದಕ್ಕೇ ಬಾಯಿಯಲ್ಲಿ ಹಾಡುತ್ತಾರೆ. ಕೆಲವು ಸಲ ಹಿಂದಿನಿಂದ ಇನ್ನೊಂದು ದನಿ ಕೇಳುತ್ತದೆ: "ಅಪ್ಪಾ, ಹಂಗಲ್ಲ, ಅಲ್ಲಿ ಒಂದ್ ಸ್ವರ ಬಿಟ್ರಿ." ಆ ಮಂಚದ ಹುಡುಗಿ. ಈಗ ಅವರಿಗೂ 40 ದಾಟಿದೆ. ನನ್ನ ಮಗಳು ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತಾಳೆ. ಅವಳ ಬಾಸ್ ಅವಳ ಕಿವಿ ದಾಟಿ ಹೊರಗೆ ಬರುವುದಿಲ್ಲ. ನಮಾಝ್ ಬಿಟ್ಟಿಲ್ಲ, ಓದು ಬಿಟ್ಟಿಲ್ಲ. ನಾಳೆ ದೊಡ್ಡವಳಾಗಿ ಕಿತಾಬು ಓದಿ, ಇದು ಬೇಡವೆಂದು ಅವಳಿಗೇ ಅನಿಸಿದರೆ ಅವಳೇ ಕೆಳಗಿಡಲಿ. ಆ ತೀರ್ಮಾನ ಅವಳದು. ಆದರೆ ನಾಲ್ಕು ಜನ ನಕ್ಕರೆಂದು ಕೆಳಗಿಡುವ ಹಾಗೆ ಮಾತ್ರ ಆಗಬಾರದು. ಒಮ್ಮೆ ಆ ಪಾಪದಲ್ಲಿ ನಾನು ಪಾಲು ತೆಗೆದುಕೊಂಡಿದ್ದೇನೆ, ಎರಡನೆಯ ಸಲ ನನ್ನ ಮನೆಯಲ್ಲೇ ಅದು ಆಗುವುದು ಬೇಡ. ಇದೊಂದೇ ಕಾರಣಕ್ಕೆ ಬಾಗಿಲಿನಿಂದ ಹಿಂದೆ ಹೋಗುವ ಸಂಬಂಧವಾದರೆ, ಹೋಗಲಿ.

ನಮ್ಮವರಲ್ಲಿ ನನ್ನದೊಂದು ಕೇಳಿಕೆ ಇದೆ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಇರುತ್ತಾರೆ: ಮುಂಬಯಿಯಲ್ಲೋ ದುಬಾಯಿಯಲ್ಲೋ ಸೊಲ್ಲಾಪುರದಲ್ಲೋ ಒಂದು ಸಂಜೆಯ ಜೀವನವನ್ನು ಮುಚ್ಚಿಟ್ಟು ಬಂದ ಕಾಕ, ಮಾಮ. ಒಂದು ದಿನ ಕೂರಿಸಿ ಕೇಳಿ. ಸುಳ್ಳು ಹೇಳಬೇಕಾಗದ ಹಾಗೆ ಕೇಳಿ. ಸಿಹಿಯನ್ನೂ ಕೇಳಿ, ನಾಚಿಕೆಯದನ್ನೂ ಕೇಳಿ.

ಬಾಸ್ ಮಾರುವುದಿಲ್ಲ. ವಾದ ಮಾಡಬೇಕೆನಿಸಿದವರು ಭಾನುವಾರ ಸಂಜೆ ಮನೆಗೆ ಬನ್ನಿ. ಚಹಾ ಇರುತ್ತದೆ, ಪತ್ತಿರ್ ಇರುತ್ತದೆ, ಕಾಕಾನನ್ನು ಫೋನಿನಲ್ಲಿ ಸೇರಿಸಿಕೊಳ್ಳೋಣ. ಗೇಟಿನ ಹತ್ತಿರ ಬರುವಾಗ ಕಾರಿನ ಸಬ್‌ವೂಫರ್ ಮಾತ್ರ ಸ್ವಲ್ಪ ಬಂದ್ ಮಾಡಿ. ಮಗಳಿಗೆ ಓದಲಿಕ್ಕಿದೆ.